ಬೆಟ್ಟಕ್ಕೆ ಗೆರೆ ಎಳೆದ ಕೇತವ್ವ

ಒಂದಾನೊಂದು ಕಾಲ ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲ ಕಣೋ ಮಗ, ಒಂದು ಬಿದಿರು ಬೆಟ್ಟದ ಮಗ್ಗುಲಲ್ಲಿ ಸಣ್ಣದೊಂದು ಹಾಡಿ, ಅಂದ್ರೆ ಕಾಡುಜನರ ಗುಡಿಸಲೂರು, ಇತ್ತಂತೆ. ಅಲ್ಲಿನ ಯಜಮಾನ ಜಡೇಗೌಡನಿಗೆ ಮೂರು ಜನ ಗಂಡುಮಕ್ಕಳು. ಕಿರಿಯವನು ಮಾದ, ಆಚೆ ಬೆಟ್ಟದ ಕೇತವ್ವನ್ನ ಮದುವೆಯಾಗಿ ಕರ್ಕೊಂಡು ಬಂದನಂತೆ.

ಕೇತವ್ವನಿಗೆ ಆ ಕಾಡು ಕಂಡು ಹಿಗ್ಗೋ ಹಿಗ್ಗು. ನೆಲ್ಲಿಕಾಯಿ ಕಂಡರೆ ಬಾಯಿಗೆ, ಹೂ ಕಂಡರೆ ಮುಡಿಗೆ, ನವಿಲು ಕೂಗಿದರೆ ತಾನೂ ಕೂಗೋಳಂತೆ. ಆಮೇಲೆ ಬೇಸಿಗೆ ಬಂತು, ಹುಲ್ಲೆಲ್ಲ ಒಣಗ್ತು, ಬೆಟ್ಟಕ್ಕೆ ಬೆಂಕಿ ಬಿತ್ತು. ಬೆಟ್ಟದಪ್ಪನಿಗೆ ಕೋಪ ಬಂದದೆ ಕಣವ್ವ, ವರ್ಷಾ ವರ್ಷಾ ಹಿಂಗೇಯ, ಅಂದ ಮಾವ. ತನ್ನ ಮನೇನ ತಾನೇ ಸುಟ್ಕೊಳ್ಳೋ ದೇವರು ಎಲ್ಲಾದ್ರೂ ಉಂಟಾ ಮಾವ, ಅಂದ್ಲಂತೆ ಕೇತವ್ವ. ಮಾವ ಕೆಮ್ತಾ ಎದ್ದು ಹೋದನಂತೆ.

ಇವಳು ಸುಮ್ಮನಿರ್ತಾಳಾ? ಹೊಗೆ ಎದ್ದ ಕಡೆಗೆ ಓಡಿದಳು. ನೋಡಿದರೆ ದೊಡ್ಡ ಭಾವ ನಿಂತವನೆ! ಹಳೇ ಹುಲ್ಲು ಸುಟ್ಟರೆ ದನಕ್ಕೆ ಎಳೇ ಚಿಗುರು ಬರ್ತದೆ ಅಂತ ಕಿಡಿ ತಾಗಿಸಿದ್ದನಂತೆ. ಹಸಿ ಸೊಪ್ಪು ಕಿತ್ತು ಇಬ್ಬರೂ ಬಡಿದೂ ಬಡಿದೂ ಆರಿಸಿದರಂತೆ. ಆಮೇಲೆ ಇನ್ನೊಂದು ದಿನ ಮತ್ತೆ ಹೊಗೆ. ಈ ಸಲ ನಡುವಿನ ಭಾವ. ಜೇನು ಬಿಡಿಸೋಕೆ ಹೊಗೆ ಹಾಕಿದ ಪಂಜನ್ನ ಮರದ ಬುಡದಲ್ಲೇ ಬಿಸಾಕಿ, ತುಪ್ಪ ನೆಕ್ತಾ ಕೂತಿದ್ದನಂತೆ! ಅದನ್ನೂ ಹೆಂಗೋ ಮಣ್ಣು ಹಾಕಿ ಮುಚ್ಚಿದಳು.

ಮೂರನೇ ಬೆಂಕಿ ಮಾತ್ರ ಬಡಿದರೂ ಬಗ್ಗಲಿಲ್ಲ ಮಗ. ಅವತ್ತು ಅತ್ತೆ ಸಣ್ಣಮ್ಮ ಸೀಗೆಕಾಯಿ ತರೋಕೆ ಕೆಳಗಿನ ಹಳ್ಳಕ್ಕೆ ಹೋಗಿದ್ದಳು. ಗಾಳಿ ಎದ್ದು, ಬಿದಿರು ಪಟಾರ್ ಪಟಾರ್ ಅಂತ ಸಿಡಿದು, ಬೆಂಕಿ ನೇರ ಆ ಹಳ್ಳದ ಕಡೆಗೇ ಇಳೀತಂತೆ.  ಕೇತವ್ವ ಅಳ್ತಾ ನಿಲ್ಲಲಿಲ್ಲ. ಪೊರಕೆ ತನ್ನಿ, ಗುದ್ದಲಿ ತನ್ನಿ, ಬೆಂಕಿಗೆ ತಿನ್ನೋಕೆ ಒಂದೆಲೆಯೂ ಸಿಗಬಾರದು, ನಮ್ಮೂರಲ್ಲಿ ಹಿಂಗೇ ಮಾಡೋದು, ಅಂತ ಕೂಗಿ ಹಾಡಿಯವರನ್ನೆಲ್ಲ ಎಳ್ಕೊಂಡು ಅಡ್ಡದಾರೀಲಿ ಬೆಂಕಿಗಿಂತ ಮುಂಚೆ ಹಳ್ಳದ ಮೇಲಕ್ಕೆ ಹೋದ್ಲಂತೆ. ಗುಡಿಸಿದರು, ಕೆರೆದರು, ಹಳ್ಳದ ಉದ್ದಕ್ಕೂ ಬರೀ ಕೆಂಪು ಮಣ್ಣಿನ ಅಗಲ ಗೆರೆ ಎಳೆದರು. ಬೆಂಕಿ ಬುಸುಗುಡ್ತಾ ಬಂತು, ಗೆರೆ ಹತ್ರ ನಿಂತು ಅತ್ತ ನೋಡ್ತು ಇತ್ತ ನೋಡ್ತು, ತಿನ್ನೋಕೆ ಏನೂ ಸಿಗದೆ ಹಂಗೇ ಸಣ್ಣಗಾಗಿ ಆರಿಹೋಯ್ತಂತೆ!

ಹಳ್ಳದಿಂದ ಅತ್ತೆ ಕೆಮ್ತಾ ಹತ್ತಿ ಬಂದಳು, ತಲೆ ಮೇಲೆ ಬುಟ್ಟಿ, ಬುಟ್ಟೀಲಿ ಸೀಗೆಕಾಯಿ, ಸೀಗೆಕಾಯಿ ಮೇಲೆ ನಡುಗ್ತಾ ಕೂತ ಒಂದು ಮೊಲದ ಮರಿ. ಕೇತವ್ವ ಅತ್ತೇನ ತಬ್ಬಿಕೊಂಡು ಆಗ ಅತ್ತಳಂತೆ.

ಬೆಟ್ಟದಪ್ಪನ ಕೋಪ, ಅಂತ ಮಾವ ಶುರುಮಾಡಿದ. ಕೇತವ್ವ ಬೆಟ್ಟದಿಂದ ಮಸಿ ಮೋರೆ ಹೊತ್ತು ಇಳಿದು ಬಂದ ಗಂಡನ ಕಡೆ ತಿರುಗಿದಳು. ಏನಯ್ಯ, ನೀನೇನು ಮಾಡ್ತಿದ್ದೆ ಮೇಲೆ? ಏನೂ ಇಲ್ಲ ಕಣಮ್ಮಿ, ನಿನಗೇ ಅಂತ ಗೆಣಸು ಸುಟ್ಟೆ, ಕೆಂಡ ಆರಿಸೋದು ಮರೆತೆ, ಅಂತ ಮಾದ ತಲೆ ತಗ್ಗಿಸಿ ಮಡಿಲಿಂದ ಗೆಣಸು ತೆಗೆದನಂತೆ. ಅಣ್ಣಂದಿರೂ ನೆಲ ನೋಡಿದರು. ಸಣ್ಣಮ್ಮ ಸೊಂಟಕ್ಕೆ ಕೈಯಿಟ್ಟು ಗಂಡನಿಗೆ ಹೇಳಿದಳಂತೆ: ಕೇಳಿಸ್ತಾ? ಬೆಟ್ಟದಪ್ಪ ಪಾಪ ಏನೂ ಮಾಡಿಲ್ಲ. ಬೆಂಕಿ ಹಾಕಿದವರು ನಾನು ಹೆತ್ತ ಈ ಮೂರೂ ಮಹರಾಯರು!

ಹಾಡಿಗೆ ಹಾಡಿಯೇ ಬಿದ್ದು ಬಿದ್ದು ನಕ್ಕಿತಂತೆ. ಮಾವ ಎದ್ದು ಬೆಟ್ಟಕ್ಕೆ ಕೈಮುಗಿದು, ತಪ್ಪಾಯ್ತು ಕಣಪ್ಪ, ಸುಮ್ಮನೆ ನಿನ್ನ ಹೆಸರು ಕೆಡಿಸಿದೆ, ಅಂದನಂತೆ.

ಆಮೇಲೆ ವರ್ಷಾ ವರ್ಷಾ ಚಳಿ ಮುಗೀತಾ ಬಂದ ಹಂಗೆ ಬೆಟ್ಟದ ಸುತ್ತ ಗೆರೆ ಗುಡಿಸೋದೇ ಅವರಿಗೊಂದು ಹಬ್ಬವಾಯ್ತಂತೆ. ಗಂಡಸರು ಗುಡಿಸೋರು, ಹೆಂಗಸರು ಕೆರೆಯೋರು, ಹಾಡು, ಕುಣಿತ, ರಾಗಿ ಮುದ್ದೆ, ಜೇನುತುಪ್ಪ. ಕಾಡಿಗೆ ಹೋದವರು ಕೆಂಡಕ್ಕೆ ನೀರು ಹುಯ್ದು, ಕೈಯಿಟ್ಟು ತಣ್ಣಗಾಯ್ತಾ ನೋಡಿಯೇ ಮನೆಗೆ ಬರೋರಂತೆ. ಸುಟ್ಟ ಜಾಗದಲ್ಲಿ ಬಿದಿರು ಚಿಗುರ್ತು, ಆನೆ ಮರಿ ಹಾಕ್ತು, ಬತ್ತಿದ್ದ ಹಳ್ಳ ಬೇಸಿಗೇಲೂ ಜುಳುಜುಳು ಹರೀತು. ಕೇತವ್ವನಿಗೂ ಒಬ್ಬಳು ಮಗಳು ಹುಟ್ಟಿ, ಆ ಹಳ್ಳದ ನೀರಲ್ಲೇ ಬಡಬಡ ಕಾಲು ಬಡೀತಾ ಬೆಳೆದಳಂತೆ.

ಅವರೆಲ್ಲ ಅಲ್ಲಿ ತಣ್ಣಗಿದ್ದರು, ಕತೆ ಇಲ್ಲಿ ತಣ್ಣಗೆ ಮುಗೀತು. ಕಣ್ಣು ಮುಚ್ಚು ಮಗ.