ಕೆಂಡ ನಡೆಯುವ ದೂರ

"ಬುದ್ಧಿ, ಮನೆಗೂ ಮನೆಗೂ ನಡುವೆ ಎಷ್ಟು ಜಾಗ ಬಿಟ್ಟರೆ ಊರಿಗೆ ಗತ್ತು ಬರುತ್ತದೆ?" ಎಂದು ಕರಿಬಸಯ್ಯ ಗುರುಗಳನ್ನು ಕೇಳಿದ.

ಮಠದ ಹೊಲದಲ್ಲಿ ಭಕ್ತರಿಗಾಗಿ ಹೊಸ ಊರು ಕಟ್ಟಿಸುವ ಹೊಣೆ ಅವನದು. ಮರುದಿನವೇ ಸುಣ್ಣದ ಗೆರೆ ಎಳೆಯಬೇಕಿತ್ತು. ಹಿಂದಿನ ವರ್ಷ ಮಠದ ಅಡುಗೆಮನೆಯನ್ನು ಮಾವಿನ ತೋಪಿನ ಆಚೆಗೆ ವಿಶಾಲವಾಗಿ ಕಟ್ಟಿಸಿದವನೂ ಅವನೇ. ಆ ಹೆಮ್ಮೆ ಇನ್ನೂ ಮುಖದಿಂದ ಇಳಿದಿರಲಿಲ್ಲ. ಗುರುಗಳು ಅವನ ಕಂಕುಳಲ್ಲಿದ್ದ ನಕ್ಷೆಯನ್ನು ನೋಡಿದರು. ಬಿಡಿಸು ಎನ್ನಲಿಲ್ಲ. ಗಂಜಿ ಬರುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ, ಕೂತುಕೋ ಎಂದರು.

ಒಬ್ಬ ಪಾಳೇಗಾರನಿದ್ದ. ಅವನ ಊರು ಇಕ್ಕಟ್ಟಿನದು. ಒಂದೇ ಗೋಡೆಗೆ ಎರಡು ಮನೆ. ಈ ಮನೆಯಲ್ಲಿ ಸೀನಿದರೆ ಆ ಮನೆಯವರು ನೂರು ವರ್ಷ ಬಾಳು ಎನ್ನುತ್ತಿದ್ದರು. ಬೆಳಿಗ್ಗೆ ಬೀದಿಗೊಂದು ಒಲೆ ಹೊತ್ತಿದರೆ ಸಾಕು, ಉಳಿದವರೆಲ್ಲ ಮಡಕೆಚೂರಿನಲ್ಲಿ ಅಲ್ಲಿಂದಲೇ ಕೆಂಡ ತರುತ್ತಿದ್ದರು. ಪಕ್ಕದ ಸೀಮೆಯ ಪಾಳೇಗಾರ ಬಂದವನು ಇದನ್ನು ಕಂಡು, ಇದು ಊರೋ ಕೋಳಿಗೂಡೋ ಎಂದು ನಕ್ಕ. ಆ ಮಾತು ಇವನಿಗೆ ನಾಟಿತು.

ಮೇಸ್ತ್ರಿಯನ್ನು ಕರೆಸಿ, ಇದನ್ನು ಕೆಡವಿ, ಮನೆಗೂ ಮನೆಗೂ ನಡುವೆ ಬಯಲು ಬಿಟ್ಟು ಹತ್ತು ಪಟ್ಟು ದೊಡ್ಡದಾಗಿ ಕಟ್ಟು ಎಂದ. ಮೇಸ್ತ್ರಿ ಒಂದು ಸಲ ಬೇಡ ಎಂದ. ಎರಡನೆಯ ಸಲ ಹೇಳಲು ಅವನಿಗೆ ಇದ್ದದ್ದು ಒಂದೇ ತಲೆ. ಕಟ್ಟಿದ.

ಹೊಸ ಊರು ನೋಡಲು ಚೆನ್ನಾಗಿತ್ತು. ಈ ತುದಿಯಿಂದ ಹೊರಟ ಮೇವಿನ ಗಾಡಿ ಆ ತುದಿ ಮುಟ್ಟುವಷ್ಟರಲ್ಲಿ ಅರ್ಧ ಮೇವು ಎಳೆಯುವ ಎತ್ತುಗಳ ಹೊಟ್ಟೆಯಲ್ಲಿರುತ್ತಿತ್ತು. ಕೆಂಡ ದಾರಿಯಲ್ಲೇ ಆರುತ್ತಿತ್ತು. ದಿನಾ ಹೊಸದಾಗಿ ಬೆಂಕಿ ಹುಟ್ಟಿಸುವ ಪಾಡು ಬೇಡವೆಂದು ಮನೆಮನೆಯವರೂ ಹಗಲೆಲ್ಲ ಒಲೆ ಉರಿಸಿಟ್ಟರು. ಮೂರು ವರ್ಷಕ್ಕೆ ಊರ ಹಿಂದಿನ ಗುಡ್ಡ ಬೋಳಾಯಿತು. ಸೌದೆ ಸಿಗದ ಜನ ಗಂಟುಮೂಟೆ ಕಟ್ಟತೊಡಗಿದರು. ಇನ್ನೊಂದು ವರ್ಷ ಹೀಗೇ ಹೋಗಿದ್ದರೆ ಊರು ಉಳಿಯುತ್ತಿತ್ತು, ಊರವರು ಉಳಿಯುತ್ತಿರಲಿಲ್ಲ.

ಹೆಂಗಸರಿಗೆ ಕೆಂಡ ಒಯ್ಯಲು ಬರುವುದಿಲ್ಲ ಎಂದು ಪಾಳೇಗಾರ ರೇಗಿದ. ತಾನೇ ತೋರಿಸುತ್ತೇನೆಂದು ರುಮಾಲು ಬಿಚ್ಚಿಟ್ಟು, ಕೆಂಡ ಹಿಡಿದು ಅರಮನೆಯಿಂದ ಹೊರಟ. ಬಯಲ ಗಾಳಿಗೆ ಅಂಗೈ ಅಡ್ಡ ಹಿಡಿದ. ಊದಿದ. ಓಡಿದ. ಮೊದಲ ಮನೆ ಮುಟ್ಟುವಾಗ ಅರ್ಧ ಮೀಸೆ ಸುಟ್ಟಿತ್ತು, ಕೆಂಡ ಪೂರ್ತಿ ಆರಿತ್ತು. ಬಾಗಿಲಿಗೆ ಬಂದ ಮುದುಕಿಗೆ ಅವನ ಗುರುತು ಹತ್ತಲಿಲ್ಲ.

"ಬೂದಿ ತಂದೆಯೇನಪ್ಪಾ? ಇರಲಿ ಕೊಡು, ಪಾತ್ರೆ ತಿಕ್ಕೋಕಾಗುತ್ತೆ" ಎಂದಳು.

ಪಾಳೇಗಾರ ಬೂದಿ ಕೊಟ್ಟು ಮರಳಿದ. ಮತ್ತೆ ಮೇಸ್ತ್ರಿಯನ್ನು ಕರೆಸಿದ. ಈ ಸಲ ಅಳತೆ ಹೇಳಲಿಲ್ಲ. ಮೇಸ್ತ್ರಿಯೂ ಅಳತೆಯ ಹಗ್ಗ ಮುಟ್ಟಲಿಲ್ಲ, ಒಂದು ಕೆಂಡ ಹಿಡಿದು ನಡೆದ. ಅದು ಇನ್ನೂ ಕೆಂಪಗಿರುವಾಗಲೇ ನಿಂತು, ಇಲ್ಲೊಂದು ಬಾಗಿಲು ಎಂದು ಗೂಟ ಹೊಡೆದ. ಊರೆಲ್ಲ ಹಾಗೆಯೇ ಎದ್ದಿತು.

ಹತ್ತು ವರ್ಷದ ಮೇಲೆ ಪಕ್ಕದ ಸೀಮೆಯವನು ಮತ್ತೆ ಬಂದ. ಊರನ್ನು ಈ ತುದಿಯಿಂದ ಆ ತುದಿಗೆ ದಾಟಿ, "ಬಾಯಲ್ಲಿನ ಎಲೆಅಡಿಕೆ ಇನ್ನೂ ಮುಗಿದಿಲ್ಲ, ನಿನ್ನ ಊರೇ ಮುಗೀತಲ್ಲಯ್ಯಾ" ಎಂದ.

ಪಾಳೇಗಾರ ಮತ್ತೆ ಬೆಳೆದಿದ್ದ ಮೀಸೆಯ ಮೇಲೆ ಕೈಯಾಡಿಸಿದ. ಕತ್ತೆತ್ತಿ ನೋಡು ಎಂಬಂತೆ ಕಾಡು ತುಂಬಿದ ಗುಡ್ಡದ ಕಡೆಗೆ ಗದ್ದ ಎತ್ತಿದ.

"ಹೌದು, ಊರು ಮುಗೀತು. ಇಲ್ಲಿಂದ ನನ್ನ ಗುಡ್ಡ ಶುರು."

ಗುರುಗಳು ಕತೆ ನಿಲ್ಲಿಸಿದರು. ಕರಿಬಸಯ್ಯ ನಕ್ಕ. ಕತೆ ಚೆನ್ನಾಗಿದೆ, ಆದರೆ ಈಗ ಮನೆಮನೆಗೂ ಗ್ಯಾಸ್ ಇರುವಾಗ ಕೆಂಡ ಹೊರುವವರು ಯಾರಿದ್ದಾರೆ ಬುದ್ಧಿ ಎಂದ.

ಅಷ್ಟರಲ್ಲಿ ಅಡುಗೆಯವನು ತೋಪು ದಾಟಿ, ಬೆವರು ಒರೆಸಿಕೊಳ್ಳುತ್ತ ಬಂದು ಗಂಜಿಯ ಬಟ್ಟಲು ಇಟ್ಟ. ಗುರುಗಳು ಅದನ್ನು ಶಿಷ್ಯನ ಕಡೆಗೆ ಸರಿಸಿದರು.

"ಮುಟ್ಟಿ ನೋಡು ಕರಿಬಸಯ್ಯ, ನೀನು ಕಟ್ಟಿಸಿದ ಅಡುಗೆಮನೆಯಿಂದ ಹೊರಟಾಗ ಇದು ಬಿಸಿಯಾಗಿಯೇ ಇತ್ತು."