ಸದ್ದಿಲ್ಲದ ತಳ್ಳುಗಾಡಿ

“ಗುರುಗಳೇ, ಮಗನಿಗೆಂದು ಮರದ ಆಟಿಕೆ ಮಾಡಲು ಕುಳಿತರೆ ಹೆದರಿಕೆಯಾಗುತ್ತದೆ. ಎಲ್ಲಿ ಚುಚ್ಚೀತೋ, ಏನು ನುಂಗಿಯಾನೋ ಎಂದು. ಇಷ್ಟು ಭಯವಿದೆಯೆಂದರೆ ಪ್ರೀತಿಯೂ ಅಷ್ಟೇ ಇದೆ ಎಂದಲ್ಲವೇ?” ಎಂದು ಮರಿಸಿದ್ದಯ್ಯನೆಂಬ ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಗೃಹಸ್ಥನಿದ್ದ. ಅವನ ಮಗು ಹೆಜ್ಜೆಯಿಡಲು ಕಲಿಯುತ್ತಿತ್ತು. ಅದು ಹಿಡಿದು ನಡೆಯಲೆಂದು ಹಾಲೆಮರದಲ್ಲಿ ಮೂರು ಗಾಲಿಯ ತಳ್ಳುಗಾಡಿ ಮಾಡಿದ. ಮಾಡಿದ ಮೇಲೆ ಹೆದರಿದ. ಚುಚ್ಚೀತೆಂದು ಮೊಳೆಗಳನ್ನೆಲ್ಲ ಕಿತ್ತು ಮರದ ಗೂಟ ಬಡಿದ. ಮೂಲೆಗಳನ್ನು ಉಜ್ಜಿ ಉರುಟು ಮಾಡಿದ. ಮಗು ನೆಕ್ಕೀತೆಂದು ಅಂಗಡಿಯ ಬಣ್ಣ ಬಿಟ್ಟು, ಅರಗಿಗೆ ಅರಿಸಿನ ಬೆರೆಸಿ ಬಳಿದ. ಮೊದಲು ತಾನೇ ನೆಕ್ಕಿ ನೋಡಿದ. ಇಷ್ಟೂ ಸರಿಯೇ.

ಇಂಥ ತಳ್ಳುಗಾಡಿಗಳಲ್ಲಿ ಗಾಲಿಗೆ ತಾಗುವಂತೆ ಒಂದು ಮರದ ಪಟ್ಟಿ ಇರುತ್ತದೆ. ಗಾಡಿ ಉರುಳಿದಂತೆ ಅದು ಕಟಕಟ ಎನ್ನುತ್ತದೆ. ಅದರ ಸಂದಿಗೆ ಬೆರಳು ಸಿಕ್ಕೀತೆಂದು ಗೃಹಸ್ಥನಿಗೆ ನಿದ್ದೆ ಬರಲಿಲ್ಲ. ಪಟ್ಟಿಯನ್ನೂ ಕಿತ್ತ. ಗಾಲಿಗಳಿಗೆ ಹರಳೆಣ್ಣೆ ಬಿಟ್ಟ.

“ಅಯ್ಯೋ, ಅದನ್ಯಾಕೆ ಕಿತ್ತಿರಿ? ಒಲೆ ಮುಂದೆ ಕೂತವಳಿಗೆ ಮಗು ಎಲ್ಲಿದೆ ಅಂತ ಹೇಳೋದು ಆ ಸದ್ದೇ ಅಲ್ವಾ?” ಎಂದಳು ಹೆಂಡತಿ.

“ನಿನ್ನ ಕಿವಿಗೆ ಅನುಕೂಲ ಆಗಲಿ ಅಂತ ಮಗುವಿನ ಬೆರಳು ಕೊಡಲಾ?”

“ಇಷ್ಟು ಹೆದರೋರು ಮೊದಲು ಹಿತ್ತಲ ಬಾವಿಗೊಂದು ಕಟ್ಟೆ ಕಟ್ಟಿಸಿ.”

“ಅದು ನಮ್ಮಜ್ಜ ತೋಡಿಸಿದ ಬಾವಿ ಕಣೆ. ಇಷ್ಟು ಕಾಲ ಏನಾಗಿದೆ?”

ಒಂದು ಮಧ್ಯಾಹ್ನ ಅವಳು ರೊಟ್ಟಿ ತಟ್ಟುತ್ತಿದ್ದಳು. ಅವನು ಜಗಲಿಯಲ್ಲಿ ಕುಳಿತು ಇನ್ನೊಂದು ಆಟಿಕೆಯ ಮೂಲೆ ಉಜ್ಜುತ್ತಿದ್ದ. ಮನೆ ತೀರ ನಿಶ್ಶಬ್ದವಾಗಿದೆ ಎನ್ನಿಸಿ ಅವಳ ಕೈ ನಿಂತಿತು. ಹಿತ್ತಲ ಬಾಗಿಲು ತೆರೆದಿತ್ತು.

ಮಗು ಬಾವಿಯ ಅಂಚಿನಲ್ಲಿ ಗಾಡಿ ಹಿಡಿದು ನಿಂತಿತ್ತು. ಮುಂದಿನ ಗಾಲಿ ಅಂಚು ದಾಟಿ ಗಾಳಿಯಲ್ಲಿ ತಿರುಗುತ್ತಿತ್ತು. ಕೂಗಿದರೆ ಮಗು ಬೆಚ್ಚೀತು, ಬೆಚ್ಚಿದರೆ ಜಾರೀತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಆ ಗಾಡಿಯಷ್ಟೇ ಸದ್ದಿಲ್ಲದೆ ನಡೆದಳು. ಕೈ ಚಾಚಿದಳು. ಮಗುವಿನ ಸೊಂಟದ ಉಡಿದಾರ ಬೆರಳಿಗೆ ಸಿಕ್ಕಿತು. ಗಾಡಿ ಬಾವಿಗೆ ಬಿತ್ತು. ಆಗ ಮಾತ್ರ ಅದು ಸದ್ದು ಮಾಡಿತು.

ಆ ದಿನವಿಡೀ ಗೃಹಸ್ಥ ಮಗುವನ್ನು ತೊಡೆಯಿಂದ ಇಳಿಸಲಿಲ್ಲ. ಮರುದಿನ ಬೆಳಗಾಗುತ್ತಲೇ ಹೊಸ ಗಾಡಿ ಮಾಡಲು ಕುಳಿತ. ಅದಕ್ಕೆ ಗಾಲಿಗಳನ್ನೇ ಇಡಲಿಲ್ಲ.

ಮರಿಸಿದ್ದಯ್ಯ ನಗಲು ಹೋಗಿ ತಡೆದುಕೊಂಡ. “ಬಾವಿಗೆ ಕಟ್ಟೆ ಕಟ್ಟಿಸಲಿಲ್ಲವೇ ಗುರುಗಳೇ?”

“ಇಲ್ಲ. ಗಾಡಿ ಮಾಡಿದವನು ತಾನು, ಅದರಿಂದ ಏನಾದರೂ ಆದರೆ ದೂರು ತನಗೆ. ಬಾವಿ ತೋಡಿಸಿದವನು ತಾನಲ್ಲವಲ್ಲ” ಎಂದರು ಗುರು.