ಮರುಳಪ್ಪ ಕೊಡಗಳಿಗೆ ನಾರು ಕಟ್ಟಿದ್ದು

ಹೂವಿನ ಮಾಲೆಯೊಳಗೆ ನಾರು ಕಾಣುವುದಿಲ್ಲ, ಆದರೂ ಹೂವೆಲ್ಲ ನಿಂತಿರುವುದು ಅದರ ಮೇಲೆಯೇ. ಹಾಗೆ ಕಾಣದೆ ನಮ್ಮನ್ನೆಲ್ಲ ಹಿಡಿದಿರುವ ಶಿವನಿಗೆ ಮೊದಲ ಶರಣು. ಜಾಣರನ್ನು ಅವರ ಜಾಣತನ ಕಾಯುತ್ತದೆ, ಪೆದ್ದರನ್ನು ಅವನೇ ಕಾಯಬೇಕು. ಅಂಥ ಒಬ್ಬನ ಕತೆ ಇದು, ಕೇಳಿ.

ಬಯಲುಸೀಮೆಯಲ್ಲಿ ಒಂದು ರೈಲು ಊರು. ಹಳಿಯ ಆಚೆಗೆ ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತು ಮನೆ. ಲೈನ್ ಮನೆ ಅಂತ ಅವಕ್ಕೆ ಹೆಸರು. ಕೊನೆಯ ಮನೆಯಲ್ಲಿ ಹೂ ಕಟ್ಟಿ ಬದುಕುವ ಚೆನ್ನಾಜಮ್ಮ, ಅವಳ ಒಬ್ಬನೇ ಮಗ ಮರುಳಪ್ಪ. ಮರುಳಸಿದ್ಧನಿಗೆ ಹರಕೆ ಹೊತ್ತು ಪಡೆದ ಮಗ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಹೊಸಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು, ಹೇಳದಿದ್ದರೆ ಏನೂ ಮಾಡನು. ತಾಯಿ ಬೈದರೆ ಕೈ ಮುಗಿದು ಪೂರ್ತಿ ಕೇಳಿಸಿಕೊಂಡು, "ಹಾಗಾರೆ ಇನ್ನು ಮುಂದೆ ಏನ್ ಮಾಡ್ಲಿ ಅವ್ವ?" ಅನ್ನುವನು.

ಚೆನ್ನಾಜಮ್ಮನ ಎದೆಗೆ ಕೆಮ್ಮು ಹೊಕ್ಕಿತ್ತು. ದಿನ ಹೆಚ್ಚಿಲ್ಲವೆಂದು ಅವಳಿಗೆ ಗೊತ್ತು. ಸಾವಿನ ಹೆದರಿಕೆ ಅವಳಿಗಿರಲಿಲ್ಲ. "ನಾ ಹೋದ ಮೇಲೆ ಇವನಿಗೆ ಬೈಯೋರು ಯಾರು, ಶಿವನೇ?" ಅದೊಂದೇ ಚಿಂತೆ. ಬೈಯುವವರು ಇದ್ದರಲ್ಲವೇ ಅವನಿಗೆ ಮುಂದಿನ ದಾರಿ? ನೀರು ತರುವುದನ್ನಾದರೂ ಕಲಿಸಿ ಹೋಗೋಣ ಅಂದುಕೊಂಡಳು. ಬೀದಿಗೆ ಒಂದೇ ನಲ್ಲಿ, ಮೂರು ದಿನಕ್ಕೊಮ್ಮೆ ಒಂದು ಗಂಟೆ ನೀರು.

"ಕೊಡ ತಗೊಂಡು ಹೋಗಿ ಲೈನಲ್ಲಿ ನಿಂತ್ಕೊ ಮಗನೆ" ಅಂದಳು.

ಮರುಳಪ್ಪನಿಗೆ ಗೊತ್ತಿದ್ದ ಲೈನು ರೈಲಿನದು. ಕೊಡ ಹೊತ್ತು ಹೋದ, ಹಳಿಗಳ ನಡುವೆ ನಿಂತ. ಗೇಟು ಕಾಯುವ ಮಹಬೂಬ್ ಸಾಬರು ಓಡಿ ಬಂದು, ರಟ್ಟೆ ಹಿಡಿದು ಈಚೆಗೆ ಎಳೆದು, ಮನೆವರೆಗೂ ಬೈಯುತ್ತಲೇ ಕರೆತಂದರು. ಲೈನಲ್ಲಿ ನಿಲ್ಲಬಾರದು, ಆ ಕಡೆ ನೋಡಬೇಕು, ಈ ಕಡೆ ನೋಡಬೇಕು, ಸರಸರ ದಾಟಬೇಕು ಅಂದರು.

ಮುಂದಿನ ನೀರಿನ ದಿನ ತಾಯಿ ತಾನೇ ಬಾಗಿಲಲ್ಲಿ ನಿಂತು ನಲ್ಲಿಯ ಲೈನನ್ನು ಬೆರಳು ಮಾಡಿ ತೋರಿಸಿದಳು. ಮರುಳಪ್ಪ ಹೋದ. ಆ ಕಡೆ ನೋಡಿದ, ಈ ಕಡೆ ನೋಡಿದ, ಸಾಲು ಕೊಡಗಳ ಮೇಲೆ ಸರಸರ ದಾಟಿ ನಲ್ಲಿಯ ಬಾಯಿಗೇ ಕೊಡ ಹಿಡಿದ. ಮೂರು ಕೊಡ ಉರುಳಿದವು, ಒಂದು ಸಾಲಿನಲ್ಲಿದ್ದ ದ್ಯಾಮವ್ವನದು. ದ್ಯಾಮವ್ವ ಬಾಯಿ ತೆರೆದಳು. ದ್ಯಾಮವ್ವ ಬಾಯಿ ತೆರೆದರೆ ಗೂಡ್ಸ್ ಗಾಡಿಯೂ ನಿಲ್ಲುತ್ತದೆ ಅಂತ ಲೈನ್ ಮನೆಯವರ ಮಾತು. ಹಿಂದೆ ಹೋಗು, ಮುಂದಿರುವವರ ಬೆನ್ನು ಹಿಡಿ, ಅವರು ಹೋದ ಹಾಗೆ ನೀನೂ ಹೋಗು ಅಂತ ಹೇಳಿ ಅಟ್ಟಿದಳು.

ಮತ್ತೆ ಮೂರು ದಿನ. ಮರುಳಪ್ಪನ ಮುಂದೆ ಗಂಗಮಾಳಿ ಎಂಬ ಹೆಣ್ಣುಮಗಳು. ಅವಳ ಬೆನ್ನು ಹಿಡಿದ. ಅವಳು ನೀರು ತುಂಬಿಕೊಂಡು ಹೊರಟಳು, ಇವನೂ ಹೊರಟ. ಅವಳು ಅಡುಗೆಮನೆಗೆ ಹೋದಳು, ಇವನೂ ಹೋದ. ಅವಳು ತುಂಬಿದ ಕೊಡ ಇಳಿಸಿದಳು, ಇವನು ಬರಿ ಕೊಡ ಇಳಿಸಿದ. ಅವಳು ಬೆಚ್ಚಿ ಬಿದ್ದಳು. ಆಮೇಲೆ ಅವನ ಮುಖ ನೋಡಿ, ಕೈಗೆ ಒಂದು ರೊಟ್ಟಿ ಕೊಟ್ಟು ಮನೆಗೆ ಕಳಿಸಿದಳು.

ಚೆನ್ನಾಜಮ್ಮ ಹಣೆ ಬಡಿದುಕೊಂಡಳು. "ನಿಲ್ಲೋಕೆ ಬರಲಿಲ್ಲ, ನಡೆಯೋಕೂ ಬರಲಿಲ್ಲ. ಕೊಡ ಇಟ್ಟು ಬಂದ್ಬಿಡು. ಕೊಡ ಇದ್ದಲ್ಲಿ ಆಳು ಇದ್ದ ಹಾಗೆ."

ಅದು ಆ ಬೀದಿಯ ಕಟ್ಟಳೆ. ಬೆಳಗ್ಗೆಯೇ ಕೊಡ ಸಾಲಿಗೆ ಇಟ್ಟು ಹೋದರೆ ಆ ಜಾಗ ಅವರದು. ಪರರ ಕೊಡ ಮುಟ್ಟುವ ಹಾಗಿಲ್ಲ. ಜಗಳಗಂಟಿ ದ್ಯಾಮವ್ವನೂ ಮುಟ್ಟುವುದಿಲ್ಲ.

ಈ ಮಾತು ಮರುಳಪ್ಪನ ತಲೆಯಲ್ಲಿ ಕೂತಿತು. ಅಷ್ಟರಲ್ಲಿ ಬೀದಿಯಲ್ಲೊಂದು ಮನೆಯೊಕ್ಕಲು, ಊಟಕ್ಕೆ ಕರೆದರು. ತಾಯಿಗೆ ಏಳಲಾಗಲಿಲ್ಲ, ನೀನು ಹೋಗಿ ಊಟದ ಲೈನಲ್ಲಿ ಕೂತು ಉಂಡು ಬಾ ಅಂದಳು. ಮರುಳಪ್ಪ ಹೋದ, ಎಲೆಯ ಮುಂದೆ ಕೊಡ ಇಟ್ಟ, ವಾಪಸು ಬಂದು ಹಸಿದುಕೊಂಡು ಕೂತ. ಬಡಿಸುವವರು ಕುಚೋದ್ಯದವರು. ಕೊಡವನ್ನೇ "ಸಂಕೋಚ ಮಾಡ್ಕೋಬೇಡಿ ಸ್ವಾಮಿ" ಅಂತ ಉಪಚರಿಸಿ ಅನ್ನ, ಸಾರು, ಹೋಳಿಗೆ ಎಲ್ಲ ಅದರೊಳಗೇ ಹಾಕಿದರು. ಸಂಜೆ ಕೊಡ ಮನೆಗೆ ಬಂತು. ತಾಯಿ ಮಗ ಎದುರುಬದುರು ಕೂತು ಕೊಡಕ್ಕೆ ಕೈ ಹಾಕಿ ಉಂಡರು. ಚೆನ್ನಾಜಮ್ಮ ಕೆಮ್ಮು ಬರುವವರೆಗೂ ನಕ್ಕಳು. ಅವಳು ನಕ್ಕದ್ದು ಅದೇ ಕೊನೆ.

ಎರಡು ಮನೆ ಆಚೆ ನಿವೃತ್ತ ಮೇಷ್ಟ್ರು ವೃಷಭೇಂದ್ರಯ್ಯನವರಿದ್ದರು. ಮಾರನೆಯ ದಿನ ನೋಡಲು ಬಂದ ಅವರನ್ನು ಚೆನ್ನಾಜಮ್ಮ ಹೂ ಕಟ್ಟುತ್ತ ಕೇಳಿದಳು. ರೈಲಿಗೂ ಲೈನು, ನೀರಿಗೂ ಲೈನು, ಕರೆಂಟಿಗೂ ಲೈನು, ಮನೆಗೂ ಲೈನು. ಒಂದು ಮಾತಿಗೆ ಇಷ್ಟು ಮನೆ ಯಾಕೆ, ನನ್ನ ಮಗ ಯಾವ ಬಾಗಿಲು ತಟ್ಟಬೇಕು ಅಂದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅದು ಇಂಗ್ಲಿಷಿನವರ ಮಾತು, ಅವರಿಗೂ ಹಿಂದಿನವರಿಂದ ಬಂದದ್ದು ಅಂದರು. ಅಗಸೆ ಗಿಡದ ನಾರನ್ನು ಹೊಸೆದ ದಾರಕ್ಕೆ ಇದ್ದ ಹೆಸರಂತೆ. ದಾರ ಎಳೆದು ಹಿಡಿದರೆ ನೆಟ್ಟಗಿರುತ್ತದೆ, ಹಾಗಾಗಿ ನೆಟ್ಟಗೆ ಇದ್ದದ್ದಕ್ಕೆಲ್ಲ, ಸಾಲಾಗಿ ನಿಂತದ್ದಕ್ಕೆಲ್ಲ ಲೈನು ಅಂದರಂತೆ.

"ಹಾಗಾರೆ ಮೊದಲು ಅದು ನಾರೇ ಅನ್ನಿ" ಅಂದಳು ಚೆನ್ನಾಜಮ್ಮ, ತನ್ನ ಕೈಯ ಬಾಳೆನಾರನ್ನು ನೋಡುತ್ತ. ಆ ನಾರಿನ ಇನ್ನೊಂದು ತುದಿ ಹಿಡಿದು ಕೂತಿದ್ದ ಮರುಳಪ್ಪ ತಾನೂ ಅದನ್ನು ನೋಡಿದ.

ತಿಂಗಳು ತುಂಬುವುದರೊಳಗೆ ಅವಳು ಶಿವನ ಪಾದ ಸೇರಿದಳು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಅವರವರ ಮನೆಗೆ ಹೋದರು. ಮರುಳಪ್ಪ ಒಬ್ಬನೇ ಕೂತ. ಏಳು ಅನ್ನುವವರಿಲ್ಲ, ಏಳಲಿಲ್ಲ. ದೀಪ ಹಚ್ಚು ಅನ್ನುವವರಿಲ್ಲ, ಹಚ್ಚಲಿಲ್ಲ. ಯಾರೋ ತಂದಿಟ್ಟ ಅನ್ನ ಮುಂದೆಯೇ ಇತ್ತು. ಉಣ್ಣು ಅಂತ ಹೇಳುವುದನ್ನು ಮರೆತು ಹೋಗಿದ್ದರು. ಗೋಡೆಗೆ ಕೈ ಮುಗಿದು, "ಇನ್ನು ಮುಂದೆ ಏನ್ ಮಾಡ್ಲಿ ಅವ್ವ?" ಅಂದ. ಗೋಡೆ ಬೈಯಲಿಲ್ಲ.

ಮೂರನೆಯ ದಿನ ದ್ಯಾಮವ್ವ ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಹೇಳಿ ಅಭ್ಯಾಸವಿದ್ದ ಬಾಯಲ್ಲ ಅದು.

"ನಿಮ್ಮವ್ವ ಮುಂದೆ ಹೋಗವ್ಳೆ ಕಣಪ್ಪ. ನಾವೆಲ್ಲ ಅದೇ ಲೈನಲ್ಲಿ ಇರೋರೇ" ಅಂದಳು. ಏಳು, ನಾಳೆ ನೀರು ಬರುತ್ತದೆ, ಕೊಡ ಇಡು ಅಂತಲೂ ಹೇಳಿ ಹೋದಳು.

ಮರುಳಪ್ಪ ಎದ್ದ.

ಬೆಳಗ್ಗೆಯೇ ಕೊಡ ಇಟ್ಟು ಹೋಗಿದ್ದ ಹೆಂಗಸರು ನೀರಿನ ಹೊತ್ತಿಗೆ ಬಂದಾಗ ಕೊಡಗಳೆಲ್ಲ ಸಾಲಾಗಿದ್ದವು. ಎಲ್ಲಕ್ಕಿಂತ ಮುಂದೆ ಚೆನ್ನಾಜಮ್ಮನ ಹಿತ್ತಾಳೆ ಕೊಡ, ಅದರ ಹಿಂದೆ ಮರುಳಪ್ಪನದು, ಆಮೇಲೆ ಉಳಿದವರದು. ನೀರು ಬಂತು. ಮರುಳಪ್ಪ ನಲ್ಲಿ ತಿರುಗಿಸಲಿಲ್ಲ. ಅವ್ವನ ಸರದಿ, ಕೊಡ ಇದ್ದಲ್ಲಿ ಆಳು ಇದ್ದ ಹಾಗೆ, ಅವಳು ಬರಲಿ ಅಂದ. ಹೆಂಗಸರೂ ಕಾದರು. ಒಂದು ಗಂಟೆಯ ನೀರಿನಲ್ಲಿ ಅಷ್ಟು ಹೊತ್ತು ಹೋಯಿತು. ಕಡೆಗೆ ಗಂಗಮಾಳಿ, ತಾನಾದರೂ ತುಂಬಿಕೊಳ್ಳೋಣವೆಂದು ತನ್ನ ಕೊಡ ಎತ್ತಿದಳು.

ಎತ್ತಿದ್ದೇ ತಡ, ಸಾಲಿನ ಕೊಡಗಳೆಲ್ಲ ಎದ್ದವು, ಉರುಳಿದವು, ಒಂದರ ಮೇಲೊಂದು ಬಿದ್ದವು. ಮರುಳಪ್ಪ ಪ್ರತಿ ಕೊಡದ ಕತ್ತಿಗೂ ಬಾಳೆನಾರು ಬಿಗಿದು, ಹೂ ಕಟ್ಟಿದ ಹಾಗೆ ಕೊಡ ಕಟ್ಟಿದ್ದ.

ಯಾಕೋ ಹೀಗೆ ಮಾಡಿದೆ ಅಂದರು.

"ಅವ್ವ ಒಬ್ಳೇ ಮುಂದೆ ಹೋದ್ಲು. ನಾರು ಕಟ್ಟಿರಲಿಲ್ಲ. ಇನ್ನು ಯಾರೂ ಒಬ್ಬೊಬ್ರೇ ಹೋಗಬಾರ್ದು."

ಆಗ ದ್ಯಾಮವ್ವ ಬಾಯಿ ತೆರೆದಳು. ಪೆದ್ದೇ ಅಂದಳು, ಮಂಕೇ ಅಂದಳು, ನಿನ್ನ ಬುದ್ಧಿಗೆ ಬೆಂಕಿ ಬೀಳ ಅಂದಳು. ಬೈಯುತ್ತಲೇ ಚೆನ್ನಾಜಮ್ಮನ ಕೊಡವನ್ನು ಎತ್ತಿ ನಲ್ಲಿಯ ಕೆಳಗೆ ತಾನೇ ಹಿಡಿದಳು. ಪರರ ಕೊಡ ಅವಳು ಮುಟ್ಟಿದ್ದು ಅದೇ ಮೊದಲು. ಗಂಗಮಾಳಿ ಬೈದಳು, ಹಿಂದಿನವರೂ ಬೈದರು, ಗೇಟಿನಿಂದ ಮಹಬೂಬ್ ಸಾಬರೂ ಕೂಗಿ ಒಂದು ಮಾತು ಸೇರಿಸಿದರು. ಇಡೀ ಲೈನು ಮರುಳಪ್ಪನಿಗೆ ಬೈಯಿತು.

ಮರುಳಪ್ಪ ಕೈ ಮುಗಿದು ಪೂರ್ತಿ ಕೇಳಿಸಿಕೊಂಡ. ನಾಲ್ಕು ದಿನದ ಮೇಲೆ ಅವನ ಮುಖದಲ್ಲಿ ಕಳೆ ಬಂತು.

"ಹಾಗಾರೆ ಇನ್ನು ಮುಂದೆ ಏನ್ ಮಾಡ್ಲಿ?" ಅಂದ.

"ಮೊದಲು ಇದನ್ನ ಬಿಚ್ಚು. ಆಮೇಲೆ ನಮ್ಮನೇಲಿ ಉಣ್ಣು" ಅಂದಳು ದ್ಯಾಮವ್ವ.

ಎಲ್ಲ ಗಂಟು ಬಿಚ್ಚಿದರು. ತಾಯಿಯ ಕೊಡಕ್ಕೂ ಮಗನ ಕೊಡಕ್ಕೂ ನಡುವೆ ಇದ್ದ ಗಂಟನ್ನು ಮಾತ್ರ ಅವನು ಬಿಚ್ಚಲಿಲ್ಲ, ಬಿಚ್ಚು ಅಂತ ಯಾರೂ ಹೇಳಲೂ ಇಲ್ಲ. ತುಂಬಿದ ಎರಡು ಕೊಡವನ್ನೂ ಜೋಡಿಯಾಗಿಯೇ ಹೊತ್ತು, ದಾರಿಯುದ್ದಕ್ಕೂ ಅರ್ಧ ನೀರು ಚೆಲ್ಲಿಕೊಂಡು, ಸೀದಾ ದ್ಯಾಮವ್ವನ ಮನೆಗೆ ಹೋಗಿ, ಎರಡು ಎಲೆ ಹಾಕಿಸಿ, ಎರಡರ ಮುಂದೆಯೂ ಒಂದೊಂದು ಕೊಡ ಇಟ್ಟು, ತಾನು ಹಸಿದುಕೊಂಡು ಮನೆಗೆ ಬಂದ.

ದ್ಯಾಮವ್ವ ಬೈಯುತ್ತ ಬಂದು ಕರೆದುಕೊಂಡು ಹೋದಳು.

ಈ ಕತೆ ಕೇಳಿದ ನಿಮ್ಮೆಲ್ಲರ ಕೊಡ ತುಂಬಲಿ. ನಿಮ್ಮ ಜಾಗ ಕಾಯುವವರು ಇರಲಿ, ತಪ್ಪಿದಾಗ ಬೈಯುವವರು ಇರಲಿ. ಯಾರೂ ಇಲ್ಲದವರ ನಾರನ್ನು ಶಿವ ತನ್ನ ಕೈಯಲ್ಲೇ ಹಿಡಿದುಕೊಂಡಿರಲಿ.